ಸರ್ಕಾರದ ವಕೀಲರು ಯಾರ ವಕೀಲರು?

ನಮ್ಮ ಯಾವ ಜಿಲ್ಲಾ ನ್ಯಾಯಸ್ಥಾನದ ಆವರಣವನ್ನು ಹೊಕ್ಕರೂ ಸರ್ಕಾರದ ಪರವಾಗಿ ನಿಲ್ಲತಕ್ಕ ವಕೀಲರ ಕೊಠಡಿಗಳು ಎರಡು ಕಡೆಗಳಲ್ಲಿ ಕಾಣಸಿಗುತ್ತವೆ. ಒಂದರಲ್ಲಿ ಸರ್ಕಾರಿ ಅಭಿಯೋಜಕರು, ಎಂದರೆ ಜನರು ‘ಪಿ.ಪಿ. ಸಾಹೇಬರು’ ಎಂದು ಕರೆಯುವವರು, ಕೊಲೆ ಸುಲಿಗೆ ಅತ್ಯಾಚಾರಗಳ ಕಡತಗಳನ್ನು ಮುಂದಿಟ್ಟುಕೊಂಡು ಕುಳಿತಿರುತ್ತಾರೆ. ಇನ್ನೊಂದರಲ್ಲಿ ಜಿಲ್ಲಾ ಸರ್ಕಾರಿ ವಕೀಲರು, ಗೋಮಾಳದ ಒತ್ತುವರಿ, ಕೆರೆಯಂಗಳದ ಹಕ್ಕು, ಭೂಸ್ವಾಧೀನದ ಪರಿಹಾರ, ಗುತ್ತಿಗೆದಾರರ ಬಾಕಿ ಮೊದಲಾದ ಸಿವಿಲ್ ವ್ಯಾಜ್ಯಗಳ ಕಟ್ಟುಗಳ ನಡುವೆ ಕುಳಿತಿರುತ್ತಾರೆ. ಮೊದಲನೆಯವರು ಬಹುಮಟ್ಟಿಗೆ ಪರೀಕ್ಷೆ ಬರೆದು ಸಹಾಯಕ ಅಭಿಯೋಜಕರಾಗಿ ಸೇವೆಗೆ ಸೇರಿ, ಕಾಲಕ್ರಮದಲ್ಲಿ ಬಡ್ತಿ ಪಡೆದು ಬಂದವರು. ಎರಡನೆಯವರು ವಕೀಲರ ಸಂಘದ ನಡುವಿನಿಂದ ಒಂದು ನಿಯತವಾದ ಅವಧಿಗೆ ನೇಮಕಗೊಂಡು ಬಂದವರು. ರೀತಿ ಬೇರೆ, ಶಾಸ್ತ್ರ ಬೇರೆ, ನಿತ್ಯದ ಒಡನಾಟದ ಜನವೂ ಬೇರೆ. ಆದರೂ ಇವರಿಬ್ಬರ ವೃತ್ತಿಯ ಬುಡದಲ್ಲಿರತಕ್ಕ ಪ್ರಶ್ನೆ ಒಂದೇ ಎಂಬುದು ನನ್ನ ತಿಳಿವಳಿಕೆ.

ಸಾಮಾನ್ಯ ವಕೀಲರ ಸ್ಥಿತಿ ಸರಳವಾದದ್ದು. ಅವರ ಕಕ್ಷಿದಾರನು ಎದುರಿಗೆ ಬಂದು ಕುಳಿತು, ತನ್ನ ಕಷ್ಟವನ್ನು ತೋಡಿಕೊಂಡು, ವಕಾಲತ್ತಿಗೆ ಸಹಿ ಮಾಡಿ, ಶುಲ್ಕವನ್ನು ಕೊಟ್ಟು ಹೋಗುತ್ತಾನೆ. ಅವನ ಹಿತವನ್ನು ಧರ್ಮ್ಯವಾದ ಮಾರ್ಗದಲ್ಲಿ ಸಾಧಿಸಿಕೊಟ್ಟರೆ ವಕೀಲರ ಹೊಣೆ ತೀರಿತು. ಸರ್ಕಾರದ ವಕೀಲರಿಗೆ ಅಂಥ ಕಕ್ಷಿದಾರನಿಲ್ಲ. ಕಡತವನ್ನು ತಂದೊಪ್ಪಿಸುವ ಕಾನ್‌ಸ್ಟೇಬಲ್ಲನಾಗಲಿ, ತನಿಖೆ ನಡೆಸಿದ ಇನ್‌ಸ್ಪೆಕ್ಟರಾಗಲಿ, ದಾವೆಯಲ್ಲಿ ಪ್ರತಿವಾದಿಯೆಂದು ಹೆಸರಿಸಲ್ಪಟ್ಟ ತಹಸೀಲ್ದಾರರಾಗಲಿ, ನೇಮಕದ ಆದೇಶಕ್ಕೆ ಒಪ್ಪಿಗೆಯಿತ್ತ ಮಂತ್ರಿಗಳಾಗಲಿ ಅವರ ಕಕ್ಷಿದಾರರಲ್ಲ. ಹಾಗಾದರೆ ಯಾರು? ಶಾಸನಕರ್ತರೂ ನ್ಯಾಯಮೂರ್ತಿಗಳೂ ಅನುಭವಿಗಳೂ ಈ ಪ್ರಶ್ನೆಗೆ ಕೊಟ್ಟಿರುವ ಉತ್ತರಗಳನ್ನು ಒಟ್ಟಾಗಿ ಪರಾಮರ್ಶಿಸುವುದು ಈ ಲೇಖನದ ಉದ್ದೇಶ. ನನ್ನ ಮತವನ್ನು ಮೊದಲೇ ಹೇಳಿಬಿಡುತ್ತೇನೆ: ತನ್ನನ್ನು ನೇಮಿಸಿದವರಿಗೆ, ಸಂದರ್ಭ ಬಂದಾಗ, ‘ಆಗದು’ ಎಂದು ಹೇಳಬಲ್ಲ ಶಕ್ತಿಯೇ ಈ ಹುದ್ದೆಯ ಜೀವಾಳ, ಆ ಶಕ್ತಿಯನ್ನು ಕಾಪಾಡುವಂಥ ಏರ್ಪಾಟನ್ನು ಕ್ರಿಮಿನಲ್ ಭಾಗದಲ್ಲಿ ನಾವು ಅರ್ಧಮಟ್ಟಿಗೆ ಮಾಡಿಕೊಂಡಿದ್ದೇವೆ, ಸಿವಿಲ್ ಭಾಗದಲ್ಲಿ ಬಹುಮಟ್ಟಿಗೆ ಮಾಡಿಕೊಂಡಿಲ್ಲ.

ಹಿಂದಿನ ಸ್ಥಿತಿಯನ್ನು ಸ್ವಲ್ಪ ನೋಡೋಣ. 1898ರ ದಂಡಪ್ರಕ್ರಿಯಾ ಸಂಹಿತೆಯ ಕಾಲದಲ್ಲಿ ಸೆಷನ್ಸ್ ನ್ಯಾಯಸ್ಥಾನದ ಮುಂದೆ ವಾದಿಸಲು ಅಭಿಯೋಜಕರೆಂಬ ವಕೀಲರು ಇದ್ದರೂ, ಮ್ಯಾಜಿಸ್ಟ್ರೇಟರ ಮುಂದೆ ದಿನನಿತ್ಯದ ಮೊಕದ್ದಮೆಗಳನ್ನು ನಡೆಸುತ್ತಿದ್ದವರು ಅನೇಕ ಕಡೆಗಳಲ್ಲಿ ಪೊಲೀಸ್ ಇಲಾಖೆಯ ಅಧಿಕಾರಿಗಳೇ. ತನಿಖೆ ಮಾಡುವ ಇಲಾಖೆಯೇ ಮೊಕದ್ದಮೆಯನ್ನೂ ನಡೆಸುವುದಾದರೆ, ತನಿಖೆಯ ಲೋಪವನ್ನು ಲೋಪವೆಂದು ಒಪ್ಪಿಕೊಳ್ಳುವವರಾರು? ಎಂ.ಸಿ. ಸೆತಲ್ವಾಡರ ಅಧ್ಯಕ್ಷತೆಯ ಕಾನೂನು ಆಯೋಗವು 1958ರಲ್ಲಿ ಕೊಟ್ಟ ತನ್ನ 14ನೆಯ ವರದಿಯಲ್ಲಿ, ಅಭಿಯೋಜನೆಯನ್ನು ಪೊಲೀಸರಿಂದ ಬೇರ್ಪಡಿಸಿ ಪ್ರತ್ಯೇಕವಾದ ನಿರ್ದೇಶಕರೊಬ್ಬರ ಅಧೀನದಲ್ಲಿ ಇರಿಸಬೇಕೆಂದು ಶಿಫಾರಸು ಮಾಡಿತು. 1973ರ ಸಂಹಿತೆ ಅದನ್ನು ಭಾಗಶಃ ಒಪ್ಪಿಕೊಂಡು, ಮ್ಯಾಜಿಸ್ಟ್ರೇಟರ ನ್ಯಾಯಸ್ಥಾನಗಳಿಗೆ ಸಹಾಯಕ ಅಭಿಯೋಜಕರನ್ನು ನೇಮಿಸತಕ್ಕದ್ದೆಂದು ವಿಧಿಸಿತು. ಆದರೂ ಆಡಳಿತದ ಹಗ್ಗ ಕೆಲವು ರಾಜ್ಯಗಳಲ್ಲಿ ಪೊಲೀಸ್ ವರಿಷ್ಠರ ಕೈಯಲ್ಲಿಯೇ ಉಳಿದದ್ದರಿಂದ, 1995ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮಹಾರಾಷ್ಟ್ರದ ಶಹಾಣೆ ಪ್ರಕರಣದಲ್ಲಿ ಈ ಬೇರ್ಪಡಿಕೆಯನ್ನು ಕಡ್ಡಾಯವೆಂದು ಹೇಳಬೇಕಾಯಿತು. 2005ರ ತಿದ್ದುಪಡಿಯಿಂದ ಅಭಿಯೋಜನಾ ನಿರ್ದೇಶನಾಲಯಕ್ಕೆ ಶಾಸನದಲ್ಲಿಯೇ ಸ್ಥಾನ ದೊರೆಯಿತು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 18, 19, 20ನೆಯ ಪ್ರಕರಣಗಳು ಈ ವ್ಯವಸ್ಥೆಯನ್ನು ಮುಂದುವರಿಸಿ, ಹತ್ತು ವರ್ಷ ಅಥವಾ ಅದಕ್ಕೆ ಮೇಲ್ಪಟ್ಟ ಶಿಕ್ಷೆಯ ಅಪರಾಧಗಳ ಮೇಲ್ವಿಚಾರಣೆಯನ್ನು ನಿರ್ದೇಶಕರಿಗೂ, ಅದಕ್ಕಿಂತ ಕಡಿಮೆಯವನ್ನು ಕ್ರಮವಾಗಿ ಉಪನಿರ್ದೇಶಕರಿಗೂ ಸಹಾಯಕ ನಿರ್ದೇಶಕರಿಗೂ ಹಂಚಿವೆ. ಕರ್ನಾಟಕದಲ್ಲಿ ಅಭಿಯೋಜನೆಗೂ ಸರ್ಕಾರಿ ವ್ಯಾಜ್ಯಗಳಿಗೂ ಸೇರಿ ಒಂದೇ ಇಲಾಖೆಯಿರುವುದು, ಎರಡೂ ಒಂದೇ ವೃತ್ತಿಯ ಎರಡು ಮುಖಗಳೆಂಬುದನ್ನು ಆಡಳಿತವೂ ಒಪ್ಪಿಕೊಂಡಿದೆಯೆಂಬುದಕ್ಕೆ ಸಾಕ್ಷಿ.

ಶಾಸನದ ಮಾತು ಇಷ್ಟು. ವಿಚಾರಣೆಯ ಅಂಕಣದಲ್ಲಿ ನಡೆಯುವುದು ಇನ್ನೊಂದು ಬಗೆ. ಅಭಿಯೋಜಕರ ಕೈಗೆ ಬರುವುದು ಸಿದ್ಧವಾದ ದೋಷಾರೋಪಣಾ ಪಟ್ಟಿ. ಅದರ ರಚನೆಯಲ್ಲಿ ಅವರ ಪಾಲು ಅತ್ಯಲ್ಪ. ತನಿಖೆಯ ಅಂತಿಮ ವರದಿ ಪೊಲೀಸರ ಸ್ವತಂತ್ರ ನಿರ್ಣಯವೆಂದೂ, ಅಭಿಯೋಜಕರ ಅಭಿಪ್ರಾಯದಂತೆ ಅದನ್ನು ಸಲ್ಲಿಸಬೇಕೆಂದು ನಿರ್ದೇಶಿಸುವುದು ಸಲ್ಲದೆಂದೂ ಸರ್ವೋಚ್ಚ ನ್ಯಾಯಾಲಯವು 2000ರಲ್ಲಿ ಸರಳಾ ಪ್ರಕರಣದಲ್ಲಿ ತೀರ್ಮಾನಿಸಿದೆ. ತಾವು ಕಟ್ಟದ ಮನೆಯ ಭದ್ರತೆಗೆ ತಾವು ಹೊಣೆಗಾರರಾಗುವ ಸ್ಥಿತಿ ಇದು. ಮಹಜರಿನ ಕಾಲ ಒಂದು ಕಡೆ, ಪಂಚರ ಸಹಿ ಇನ್ನೊಂದು ಕಡೆ, ಮುದ್ದೆಮಾಲನ್ನು ಮೊಹರು ಮಾಡಿದ ದಿನಾಂಕ ಮತ್ತೊಂದು ಕಡೆ ಹೊಂದದೆ ಉಳಿದಿದ್ದರೆ, ಅದನ್ನು ಮೊದಲು ಕಾಣುವವರು ಅಭಿಯೋಜಕರು, ಮೊದಲು ಬಳಸಿಕೊಳ್ಳುವವರು ಆರೋಪಿಯ ವಕೀಲರು.

ಪಂಚನಾಮೆಯ ಸಾಕ್ಷಿಯೊಬ್ಬ ಕಟಕಟೆಯನ್ನು ಹತ್ತುವ ಗಳಿಗೆಯನ್ನು ನೋಡಿದವರಿಗೆ ಈ ವೃತ್ತಿಯ ಕಷ್ಟ ತಿಳಿಯುತ್ತದೆ. ಬೆಳಿಗ್ಗೆ ಹೊರಗಿನ ಜಗಲಿಯಲ್ಲಿ ಕೋರ್ಟಿನ ಪೇದೆ ಅವನನ್ನು ಅಭಿಯೋಜಕರ ಮುಂದೆ ನಿಲ್ಲಿಸಿರುತ್ತಾನೆ. ಅವನ ಹೇಳಿಕೆಯನ್ನು ಓದಿಸಿ, ನೆನಪಿದೆಯೆ ಎಂದು ಕೇಳಿದರೆ ತಲೆಯಾಡಿಸಿರುತ್ತಾನೆ. ಕಟಕಟೆಯಲ್ಲಿ ನಿಂತು ಪ್ರಮಾಣ ತೆಗೆದುಕೊಂಡ ಮೇಲೆ, ಕೆಳಗಡೆ ಕುಳಿತಿರುವ ಆರೋಪಿಯ ಬಂಧುಗಳನ್ನು ಒಮ್ಮೆ ನೋಡಿ, “ಪೊಲೀಸರು ಠಾಣೆಗೆ ಕರೆಸಿದರು ಸ್ವಾಮಿ, ಸಹಿ ಹಾಕು ಎಂದರು, ಹಾಕಿದೆ, ಅದರಲ್ಲಿ ಏನು ಬರೆದಿತ್ತೋ ನನಗೆ ತಿಳಿಯದು” ಎನ್ನುತ್ತಾನೆ. ಅಭಿಯೋಜಕರು ಎದ್ದು, ಸಾಕ್ಷಿಯನ್ನು ಪ್ರತಿಕೂಲವೆಂದು ಪರಿಗಣಿಸಿ ಪಾಟೀಸವಾಲಿಗೆ ಅನುಮತಿ ಕೊಡಬೇಕೆಂದು ಕೋರುತ್ತಾರೆ. ಮಹಜರಿನ ಮೇಲಿನ ಸಹಿ ತನ್ನದೆಂದು ಒಪ್ಪಿಕೊಳ್ಳುತ್ತಾನೆ, ಅದಕ್ಕೆ ನಿಶಾನೆ ಬೀಳುತ್ತದೆ, ಉಳಿದುದನ್ನೆಲ್ಲ ಅಲ್ಲಗಳೆಯುತ್ತಾನೆ. ಕೊನೆಗೆ ಶೀಘ್ರಲಿಪಿಕಾರರು ದಾಖಲಿಸಿಕೊಳ್ಳುವ ವಾಕ್ಯ ರಾಜ್ಯದ ಎಲ್ಲ ನ್ಯಾಯಸ್ಥಾನಗಳಲ್ಲಿಯೂ ಹೆಚ್ಚುಕಡಿಮೆ ಒಂದೇ: ಆರೋಪಿಗಳೊಡನೆ ರಾಜಿಯಾಗಿ ಈ ದಿನ ಸುಳ್ಳು ಸಾಕ್ಷ್ಯ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ.

ಇಷ್ಟಕ್ಕೆ ಎಲ್ಲವೂ ಮುಗಿಯಿತೆಂದು ಕೈಚೆಲ್ಲತಕ್ಕದ್ದಿಲ್ಲ. ಪ್ರತಿಕೂಲನೆಂಬ ಕಾರಣದಿಂದ ಸಾಕ್ಷಿಯ ನುಡಿಯೆಲ್ಲ ಅಳಿಸಿಹೋಗುವುದಿಲ್ಲ, ನಂಬಲರ್ಹವಾದ ಭಾಗವನ್ನು ಎಚ್ಚರದಿಂದ ಉಳಿಸಿಕೊಳ್ಳಬಹುದು ಎಂಬುದು 1976ರ ಸತ್‌ಪಾಲ್ ತೀರ್ಪಿನಿಂದೀಚೆಗೆ ನೆಲೆಗೊಂಡ ನಿಯಮ. ಅದನ್ನು ಉಳಿಸಿಕೊಳ್ಳುವುದಕ್ಕೆ ಬೇಕಾದ ಪಾಟೀಸವಾಲು ಮಾತ್ರ ಒಂದು ಕಲೆ. ಹೇಳಿಕೆಯ ಸಾಲುಗಳನ್ನು ಒಂದೊಂದಾಗಿ ಓದಿ ಅಲ್ಲಗಳೆಸಿಕೊಂಡು ಕುಳಿತುಕೊಳ್ಳುವ ಅಭಿಯೋಜಕರೂ ಇದ್ದಾರೆ. ಮೃತನ ಮನೆ ಎಲ್ಲಿತ್ತು, ನೀನು ಆ ದಿನ ಹೊಲಕ್ಕೆ ಹೋದದ್ದು ಯಾವ ದಾರಿಯಲ್ಲಿ, ನಾಯಿ ಬೊಗಳಿದ್ದು ಕೇಳಿಸಿತೆ ಎಂದು ಸುತ್ತುಬಳಸಿ ಕೇಳುತ್ತ, ಸಾಕ್ಷಿ ಹೆದರದೆ ಒಪ್ಪಿಕೊಳ್ಳಬಹುದಾದ ಸಣ್ಣ ಸಣ್ಣ ಸಂಗತಿಗಳನ್ನು ಹೆಕ್ಕಿ, ಅವುಗಳಿಂದ ವೈದ್ಯರ ಸಾಕ್ಷ್ಯಕ್ಕೆ ಬಲ ಕೊಡುವವರೂ ಇದ್ದಾರೆ. ಎರಡನೆಯ ಬಗೆಯವರು ಕಡತವನ್ನು ಹಿಂದಿನ ರಾತ್ರಿ ಓದಿರುತ್ತಾರೆ. ಒಬ್ಬೊಬ್ಬ ಅಭಿಯೋಜಕರು ಒಂದಕ್ಕಿಂತ ಹೆಚ್ಚು ನ್ಯಾಯಸ್ಥಾನಗಳನ್ನು ನೋಡಿಕೊಳ್ಳಬೇಕಾದಾಗ, ಹಾಗೆ ಓದುವುದಕ್ಕೆ ರಾತ್ರಿ ಸಾಕಾಗುವುದಿಲ್ಲ ಎಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು.

ಅಭಿಯೋಜಕರ ಕೌಶಲಕ್ಕೂ ಒಂದು ಎಲ್ಲೆಯುಂಟು. 2000ದ ಮಾರ್ಚ್ 11ರಂದು ಅಂದಿನ ಕೋಲಾರ ಜಿಲ್ಲೆಯ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತವಾಗಿ ದಹಿಸಲಾಯಿತು. ನಾಡೆಲ್ಲ ತಲ್ಲಣಿಸಿದ ಆ ಪ್ರಕರಣದಲ್ಲಿ ಸಾಕ್ಷಿಗಳು ತಿರುಗಿಬಿದ್ದರು. 2006ರ ಡಿಸೆಂಬರಿನಲ್ಲಿ ಆರೋಪಿಗಳೆಲ್ಲರೂ ಬಿಡುಗಡೆಯಾದರು. ಬದುಕುಳಿದವರು ಅದೇ ನೆಲದಲ್ಲಿ, ಅದೇ ಜನರ ನಡುವೆ, ವರ್ಷಗಟ್ಟಲೆ ವಿಚಾರಣೆಯ ದಿನವನ್ನು ಕಾಯುತ್ತ ಬದುಕಬೇಕಾದಾಗ, ಕಟಕಟೆಯ ಮೇಲೆ ಅವರಿಂದ ಧೈರ್ಯವನ್ನು ಅಪೇಕ್ಷಿಸುವ ಹಕ್ಕು ರಾಜ್ಯಕ್ಕೆ ಎಷ್ಟರಮಟ್ಟಿಗೆ ಇದೆ? ಸಾಕ್ಷಿಗಳ ರಕ್ಷಣೆಗಾಗಿ ಒಂದು ಯೋಜನೆ ಸರ್ವೋಚ್ಚ ನ್ಯಾಯಾಲಯದ ಮುದ್ರೆಯೊಡನೆ ದೇಶಕ್ಕೆ ದೊರಕಿದ್ದು 2018ರಲ್ಲಿ. ಕಂಬಾಲಪಲ್ಲಿಯ ಪಾಲಿಗೆ ಅದು ತೀರ ತಡವಾಗಿ ಬಂತು.

ಶಿಕ್ಷೆ ಕೊಡಿಸುವುದೇ ಅಭಿಯೋಜಕರ ಗುರಿಯೆಂಬ ಭಾವನೆ ಜನರಲ್ಲಿ ಆಳವಾಗಿ ಬೇರೂರಿದೆ. ಇಲಾಖೆಯ ತಃಖ್ತೆಗಳು ಕೂಡ ಶಿಕ್ಷೆಯಾದ ಪ್ರಕರಣಗಳ ಪ್ರಮಾಣವನ್ನು ಕೇಳುತ್ತವೆಯಲ್ಲದೆ ನ್ಯಾಯವಾದ ಬಿಡುಗಡೆಗಳ ಲೆಕ್ಕವನ್ನು ಕೇಳುವುದಿಲ್ಲ. ಶಾಸ್ತ್ರದ ಮಾತು ಬೇರೆ. ಅಭಿಯೋಜಕರು ತನಿಖಾಸಂಸ್ಥೆಯ ಅಂಗವಲ್ಲ, ಸ್ವತಂತ್ರವಾದ ಶಾಸನಬದ್ಧ ಅಧಿಕಾರಿಗಳು ಎಂಬುದಾಗಿ 1994ರ ಹಿತೇಂದ್ರ ವಿಷ್ಣು ಠಾಕೂರ್ ತೀರ್ಪು ಸ್ಪಷ್ಟಪಡಿಸಿತು. ಆರೋಪಿಗೆ ಅನುಕೂಲವಾದ ದಾಖಲೆ ಕಡತದಲ್ಲಿದ್ದರೆ ಅದನ್ನು ಬಚ್ಚಿಡುವುದು ಅವರಿಗೆ ಸಲ್ಲದು. ಹಾಗೆಯೇ ಇದರ ವಿಪರ್ಯಾಸವೂ ಸಲ್ಲದು: ಗುಜರಾತಿನ ಬೆಸ್ಟ್ ಬೇಕರಿ ಪ್ರಕರಣದಲ್ಲಿ ಅಭಿಯೋಜಕರು ಪ್ರತಿವಾದದ ವಕೀಲರಂತೆ ವರ್ತಿಸಿದರೆಂದು 2004ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕಟುವಾಗಿ ನುಡಿದು, ಮರುವಿಚಾರಣೆಯನ್ನು ರಾಜ್ಯದ ಹೊರಗೆ ನಡೆಸುವಂತೆ ಆಜ್ಞಾಪಿಸಿತು.

ಅಭಿಯೋಜಕರ ಕೈಯಲ್ಲಿರತಕ್ಕ ಅಧಿಕಾರಗಳಲ್ಲಿ ಅತ್ಯಂತ ಗುರುತರವಾದದ್ದು ಮೊಕದ್ದಮೆಯನ್ನು ಹಿಂತೆಗೆದುಕೊಳ್ಳುವ ಅಧಿಕಾರ. ಹಳೆಯ ಸಂಹಿತೆಯ 321ನೆಯ ಪ್ರಕರಣ, ಹೊಸದರ 360ನೆಯದು, ಈ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿಲ್ಲ, ಅಭಿಯೋಜಕರಿಗೆ ಕೊಟ್ಟಿದೆ. ಅವರ ಅರ್ಜಿಗೆ ನ್ಯಾಯಸ್ಥಾನದ ಸಮ್ಮತಿ ಬೇಕು. ಚಳವಳಿಗಾರರ ಮೇಲಿನ ಮೊಕದ್ದಮೆಗಳನ್ನು ಹಿಂತೆಗೆದುಕೊಳ್ಳಲು ಮಂತ್ರಿಮಂಡಲ ತೀರ್ಮಾನಿಸಿತೆಂದು ಪತ್ರಿಕೆಗಳಲ್ಲಿ ಓದಿದಾಗ, ಓದುಗರು ಕಾರ್ಯ ಅಲ್ಲಿಗೇ ಮುಗಿಯಿತೆಂದು ಭಾವಿಸುತ್ತಾರೆ. ವಾಸ್ತವದಲ್ಲಿ ಆ ತೀರ್ಮಾನ ಅಭಿಯೋಜಕರಿಗೆ ಬಂದ ಒಂದು ಸಲಹೆ ಮಾತ್ರ. ಸಾರ್ವಜನಿಕ ನ್ಯಾಯದ ಹಿತವೊಂದನ್ನೇ ನೋಡಿ ಅವರು ಸ್ವತಃ ವಿವೇಚಿಸತಕ್ಕದ್ದೆಂದೂ, ಜಿಲ್ಲಾ ದಂಡಾಧಿಕಾರಿಗಳು ಆಜ್ಞೆ ಮಾಡುವುದಾಗಲಿ ಇವರು ಅದನ್ನು ಪಾಲಿಸುವುದಾಗಲಿ ತಪ್ಪೆಂದೂ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರಿದ್ದ ಪೀಠವು 1977ರಲ್ಲಿ ಬಿಹಾರದ ಬಲವಂತ ಸಿಂಗ್ ಪ್ರಕರಣದಲ್ಲಿ ಹೇಳಿತ್ತು.

ಈ ತತ್ತ್ವಕ್ಕೆ ಒದಗಿದ ಅತಿ ಕಠಿನವಾದ ಪರೀಕ್ಷೆ ಕನ್ನಡನಾಡಿನದೇ. 2000ದ ಜುಲೈ 30ರ ರಾತ್ರಿ ಗಾಜನೂರಿನ ಮನೆಯಿಂದ ಕಾಡುಗಳ್ಳ ವೀರಪ್ಪನ್ ನಟ ಡಾ. ರಾಜಕುಮಾರ್ ಅವರನ್ನು ಅಪಹರಿಸಿದ. ಅವನ ಬೇಡಿಕೆಗಳಲ್ಲಿ, ಮೈಸೂರಿನಲ್ಲಿ ಭಯೋತ್ಪಾದನೆ ತಡೆಯ ಟಾಡಾ ಕಾಯಿದೆಯ ಅನ್ವಯ ವರ್ಷಗಳಿಂದ ಸೆರೆಯಲ್ಲಿದ್ದವರ ಬಿಡುಗಡೆಯೂ ಒಂದು. ಬೆಂಗಳೂರಿನ ಬೀದಿಗಳು ಉದ್ವಿಗ್ನವಾಗಿದ್ದುವು. ಕರ್ನಾಟಕದಲ್ಲಿ ತಮಿಳರ, ತಮಿಳುನಾಡಿನಲ್ಲಿ ಕನ್ನಡಿಗರ ಕ್ಷೇಮದ ಬಗ್ಗೆ ಎರಡೂ ಸರ್ಕಾರಗಳು ಭಯಗೊಂಡಿದ್ದುವು. ಟಾಡಾ ಆರೋಪಗಳನ್ನು ಕೈಬಿಡಲು ವಿಶೇಷ ಅಭಿಯೋಜಕರು ಅರ್ಜಿ ಕೊಟ್ಟರು, ಮೈಸೂರಿನ ನಿಯುಕ್ತ ನ್ಯಾಯಾಲಯ ಸಮ್ಮತಿಸಿತು. ಆಗ ಅಬ್ದುಲ್ ಕರೀಂ ಎಂಬ ವೃದ್ಧರು, ವೀರಪ್ಪನ್ನನ ಕೈಯಲ್ಲಿ ಹತನಾದ ಪೊಲೀಸ್ ಅಧಿಕಾರಿಯೊಬ್ಬನ ತಂದೆ, ಸರ್ವೋಚ್ಚ ನ್ಯಾಯಾಲಯದ ಬಾಗಿಲನ್ನು ತಟ್ಟಿದರು. ನಾಡಿನ ಅತ್ಯಂತ ಪ್ರೀತಿಪಾತ್ರನಾದ ಕಲಾವಿದ ಕಾಡಿನಲ್ಲಿ ಸೆರೆಯಾಗಿರುವಾಗ ಅಂಥ ಅರ್ಜಿಯನ್ನು ಹಾಕಲು ಎಂಥ ಮನೋಬಲ ಬೇಕಾಗಿತ್ತೆಂಬುದನ್ನು ಆ ದಿನಗಳನ್ನು ಕಂಡವರು ಬಲ್ಲರು. ನವೆಂಬರ್ 7ರಂದು ನ್ಯಾಯಾಲಯವು ಮೈಸೂರಿನ ಆದೇಶವನ್ನು ರದ್ದುಪಡಿಸಿತು. ಅಭಿಯೋಜಕರು ಸಮಗ್ರ ಸಾಮಗ್ರಿಯನ್ನು ಪರಿಶೀಲಿಸಿ, ಸದ್ಭಾವದಿಂದ, ಸಾರ್ವಜನಿಕ ಹಿತವನ್ನು ತಾವೇ ತೂಗಿ ನೋಡಿದಂತೆ ಕಾಣುವುದಿಲ್ಲವೆಂಬುದು ಅದರ ತೀರ್ಮಾನದ ತಿರುಳು. ಎಂಟು ದಿನಗಳ ಅನಂತರ, ನವೆಂಬರ್ 15ರಂದು, ರಾಜಕುಮಾರ್ ಅವರು ಬಿಡುಗಡೆಯಾದರು.

ಈ ಪ್ರಕರಣವನ್ನು ಕುರಿತು ಯೋಚಿಸಿದಾಗಲೆಲ್ಲ ಆ ವಿಶೇಷ ಅಭಿಯೋಜಕರ ಸ್ಥಾನದಲ್ಲಿ ನಿಂತು ನೋಡುವುದು ಅವಶ್ಯಕವೆಂದು ನನಗೆ ತೋರುತ್ತದೆ. ಎರಡು ರಾಜ್ಯಗಳ ಸರ್ಕಾರಗಳೂ ಕೋಟ್ಯಂತರ ಜನರ ಕಾತರವೂ ಒಂದು ಸಹಿಯನ್ನು ಬೇಡುತ್ತಿದ್ದಾಗ, ಕಡತವನ್ನು ಪೂರ್ತಿ ಓದುವವರೆಗೆ ಸಹಿ ಹಾಕಲಾರೆನೆಂದು ಹೇಳುವುದು ಮನುಷ್ಯಮಾತ್ರನಿಗೆ ಸುಲಭವಲ್ಲ. ಆದರೆ ಶಾಸನವು ಆ ಅಧಿಕಾರವನ್ನು ಮಂತ್ರಿಗಳಿಗೆ ಕೊಡದೆ ವಕೀಲರೊಬ್ಬರಿಗೆ ಕೊಟ್ಟಿರುವುದು ಅಂಥ ದಿನಕ್ಕಾಗಿಯೇ. ಹೊಸ ಸಂಹಿತೆಯ 360ನೆಯ ಪ್ರಕರಣಕ್ಕೆ ಒಂದು ಪರಂತುಕವನ್ನು ಸೇರಿಸಿ, ನೊಂದವರ ಮಾತನ್ನು ಆಲಿಸದೆ ನ್ಯಾಯಸ್ಥಾನವು ಹಿಂತೆಗೆತಕ್ಕೆ ಸಮ್ಮತಿಸಕೂಡದೆಂದು ಹೇಳಿರುವುದು ಒಳ್ಳೆಯ ಸುಧಾರಣೆ. ಅಬ್ದುಲ್ ಕರೀಮರು ದೆಹಲಿಯವರೆಗೆ ಹೋಗಿ ಪಡೆದುಕೊಂಡದ್ದು ಈಗ ಪ್ರತಿಯೊಬ್ಬ ಸಂತ್ರಸ್ತನಿಗೂ ತನ್ನ ಊರಿನ ನ್ಯಾಯಸ್ಥಾನದಲ್ಲಿಯೇ ದೊರೆಯತಕ್ಕ ಹಕ್ಕಾಗಿದೆ.

ನೇಮಿಸುವವರು ಯಾರು ಎಂಬುದರ ಮೇಲೆ ಅಭಿಯೋಜನೆಯ ಹಣೆಬರಹ ಎಷ್ಟು ನಿಂತಿದೆ ಎಂಬುದಕ್ಕೆ ಜಯಲಲಿತಾ ಅವರ ಆಸ್ತಿ ಪ್ರಕರಣ ನಿದರ್ಶನ. 2003ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಮೊಕದ್ದಮೆಯನ್ನು ಚೆನ್ನೈಯಿಂದ ಬೆಂಗಳೂರಿಗೆ ವರ್ಗಾಯಿಸಿದ್ದೇ, ಆರೋಪಿಯೇ ಮುಖ್ಯಮಂತ್ರಿಯಾಗಿರುವ ರಾಜ್ಯದಲ್ಲಿ ಅಭಿಯೋಜಕರು ಸ್ವತಂತ್ರವಾಗಿ ನಡೆದುಕೊಳ್ಳಲಾರರೆಂಬ ಶಂಕೆಯಿಂದ. ಕರ್ನಾಟಕವು ವಿಶೇಷ ಅಭಿಯೋಜಕರನ್ನಾಗಿ ನೇಮಿಸಿದ ಬಿ.ವಿ. ಆಚಾರ್ಯರು ಹಲವು ವರ್ಷ ದುಡಿದು 2012ರಲ್ಲಿ ಹುದ್ದೆಯನ್ನು ತೊರೆದರು. 2014ರ ಸೆಪ್ಟೆಂಬರ್ 27ರಂದು ನಾಲ್ಕು ವರ್ಷದ ಸೆರೆವಾಸ, 100 ಕೋಟಿ ರೂಪಾಯಿ ದಂಡ ವಿಧಿಸಲ್ಪಟ್ಟಿತು. ಮೇಲ್ಮನವಿಯಲ್ಲಿ ಮಾತ್ರ, ತಮಿಳುನಾಡು ಸರ್ಕಾರ ನೇಮಿಸಿದ ಅಭಿಯೋಜಕರೇ ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿ ವಾದಿಸಿದರು. ಆ ನೇಮಕ ಶಾಸನಸಮ್ಮತವಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಹೇಳುವ ಹೊತ್ತಿಗೆ, 2015ರ ಏಪ್ರಿಲ್ 27ಕ್ಕೆ, ವಾದ ಮುಗಿದಿತ್ತು. ಕರ್ನಾಟಕವು ಮತ್ತೆ ನೇಮಿಸಿದ ಆಚಾರ್ಯರು ಮರುದಿನವೇ ಲಿಖಿತ ವಾದವನ್ನು ಸಲ್ಲಿಸಬೇಕಾಯಿತು. ಮೇ 11ರಂದು ಬಿಡುಗಡೆಯ ತೀರ್ಪು ಬಂತು. 2017ರ ಫೆಬ್ರವರಿ 14ರಂದು ಸರ್ವೋಚ್ಚ ನ್ಯಾಯಾಲಯವು ಅದನ್ನು ತಳ್ಳಿಹಾಕಿ ಮೂಲ ತೀರ್ಪನ್ನು ಎತ್ತಿಹಿಡಿಯಿತು. ಒಂದು ಕಡೆಯ ವಾದ ಯಥಾವಿಧಿಯಾಗಿ ನಡೆಯದಿದ್ದರೆ ನ್ಯಾಯಮೂರ್ತಿಗಳ ವಿವೇಕವೊಂದರಿಂದಲೇ ಎಲ್ಲವೂ ಸರಿಹೋಗುವುದಿಲ್ಲ ಎಂಬುದು ಇಲ್ಲಿ ಎದ್ದುಕಾಣುತ್ತದೆ.

ಇನ್ನು ಸಿವಿಲ್ ಭಾಗ. ಇದರಲ್ಲಿ ರಕ್ತವಿಲ್ಲ, ಪತ್ರಿಕೆಗಳ ವರದಿಗಾರರಿಲ್ಲ. ಆದಕಾರಣ ಜನರ ಗಮನವೂ ಇಲ್ಲ. ಆದರೆ ನಾಡಿನ ನೆಲ ಕೈತಪ್ಪಿ ಹೋಗುವುದು ಇಲ್ಲಿಯೇ. ಸರ್ಕಾರದ ಮೇಲೆ ದಾವೆ ಹೂಡುವ ಮೊದಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೆಯ ಪ್ರಕರಣದ ಮೇರೆಗೆ ಎರಡು ತಿಂಗಳ ನೋಟೀಸು ಕೊಡಬೇಕು. ಆ ಅವಧಿಯಲ್ಲಿ ಸರ್ಕಾರವು ತನ್ನ ತಪ್ಪೊಪ್ಪುಗಳನ್ನು ಪರಿಶೀಲಿಸಿ, ನ್ಯಾಯವಾದ ಬೇಡಿಕೆಯನ್ನು ದಾವೆಯಿಲ್ಲದೆಯೇ ಒಪ್ಪಿಕೊಳ್ಳಲಿ ಎಂಬುದು ಶಾಸನದ ಆಶಯ. ಬಹುಪಾಲು ನೋಟೀಸುಗಳಿಗೆ ಉತ್ತರವೇ ಹೋಗುವುದಿಲ್ಲ. ಪ್ರತಿಯೊಂದು ಸರ್ಕಾರವೂ ಇದಕ್ಕಾಗಿ ಒಬ್ಬ ಅಧಿಕಾರಿಯನ್ನು ಹೊಣೆಗಾರನನ್ನಾಗಿ ಮಾಡತಕ್ಕದ್ದೆಂದು 2005ರಲ್ಲಿ ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಬೇಕಾಗಿ ಬಂತು.

ಒಂದು ಗೋಮಾಳದ ದಾವೆಯನ್ನು ತೆಗೆದುಕೊಳ್ಳೋಣ. ವಾದಿಯು ಐವತ್ತು ವರ್ಷದ ಹಿಂದಿನದೆನ್ನುವ ಸಾಗುವಳಿ ಚೀಟಿಯೊಂದನ್ನು ಹಾಜರುಪಡಿಸಿ, ಇಷ್ಟು ಎಕರೆ ತನಗೆ ಮಂಜೂರಾಗಿದೆ, ತನ್ನ ಸ್ವಾಧೀನಕ್ಕೆ ತೊಂದರೆಯಾಗದಂತೆ ಶಾಶ್ವತ ತಡೆಯಾಜ್ಞೆ ಬೇಕೆಂದು ಕೇಳುತ್ತಾನೆ. ಸಮನ್ಸು ಸರ್ಕಾರಿ ವಕೀಲರ ಕೈಸೇರುತ್ತದೆ. ಅವರು ತಹಸೀಲ್ದಾರರಿಗೆ ಪತ್ರ ಬರೆದು ದಾವಾಪತ್ರಕ್ಕೆ ಕಂಡಿಕೆವಾರು ಉತ್ತರವನ್ನೂ ಮೂಲ ಮಂಜೂರಾತಿ ಕಡತವನ್ನೂ ದರಖಾಸ್ತು ರಿಜಿಸ್ಟರನ್ನೂ ಕಳಿಸಿಕೊಡಬೇಕೆಂದು ಕೋರುತ್ತಾರೆ. ವಾಯಿದೆಯ ಮೇಲೆ ವಾಯಿದೆ ಕಳೆಯುತ್ತದೆ. ಕೊನೆಗೆ ಬರುವ ಉತ್ತರ, ‘ಸದರಿ ಕಡತವು ಕಚೇರಿಯಲ್ಲಿ ಲಭ್ಯವಿರುವುದಿಲ್ಲ’ ಎಂದು. ಚೀಟಿ ಕೃತ್ರಿಮವೆಂದು ವಕೀಲರಿಗೆ ಮೇಲ್ನೋಟಕ್ಕೆ ಮನವರಿಕೆಯಾಗಿದ್ದರೂ, ಅದನ್ನು ಸ್ಥಾಪಿಸತಕ್ಕ ರಿಜಿಸ್ಟರಿಲ್ಲದೆ ಅವರು ಏನು ಮಾಡಬಲ್ಲರು? ಸಾಕ್ಷಿ ನುಡಿಯಲು ಬರಬೇಕಾದ ಅಧಿಕಾರಿಗೆ ವರ್ಗವಾಗಿರುತ್ತದೆ. ಹೊಸಬರಿಗೆ ವಿಷಯ ತಿಳಿಯದು. ದಾವೆ ಡಿಕ್ರಿಯಾಗುತ್ತದೆ. ಸ್ವತ್ತಿಗಾಗಿ ದಾವೆ ಹೂಡಲು ಖಾಸಗಿಯವರಿಗೆ ಹನ್ನೆರಡು ವರ್ಷದ ಕಾಲಮಿತಿಯಿದ್ದರೆ ಸರ್ಕಾರಕ್ಕೆ 1963ರ ಕಾಯಿದೆ ಮೂವತ್ತು ವರ್ಷ ಕೊಟ್ಟಿದೆ, 1908ರದು ಅರವತ್ತು ಕೊಟ್ಟಿತ್ತು. ಮೇಲ್ಮನವಿಗೆ ಮಾತ್ರ ಅಂಥ ವಿನಾಯಿತಿಯಿಲ್ಲ, ಜಿಲ್ಲಾ ನ್ಯಾಯಸ್ಥಾನಕ್ಕೆ 30 ದಿನ, ಉಚ್ಚ ನ್ಯಾಯಾಲಯಕ್ಕೆ 90 ದಿನ. ಡಿಕ್ರಿಯ ನಕಲು ಮೇಜಿನಿಂದ ಮೇಜಿಗೆ ಚಲಿಸಿ, ಅಭಿಪ್ರಾಯಗಳನ್ನು ಸಂಗ್ರಹಿಸಿಕೊಂಡು ಮರಳುವಷ್ಟರಲ್ಲಿ ಆ ಅವಧಿ ಎಂದೋ ಮುಗಿದಿರುತ್ತದೆ.

ವಿಳಂಬದ ಮನ್ನಣೆಯ ವಿಷಯದಲ್ಲಿ ನ್ಯಾಯಾಲಯಗಳ ಮನಸ್ಸು ಹೇಗೆ ಬದಲಾಗಿದೆಯೆಂಬುದು ಗಮನಾರ್ಹ. ಸರ್ಕಾರದ ಯಂತ್ರ ನಿಧಾನವಾಗಿ ಚಲಿಸುವುದು ಸಹಜವಾದ್ದರಿಂದ ಉದಾರವಾಗಿ ನೋಡಬೇಕೆಂದು 1987ರ ಕಾತಿಜಿ ತೀರ್ಪು ಹೇಳಿತ್ತು. ಕಾಲು ಶತಮಾನದ ಅನಂತರ, 2012ರಲ್ಲಿ, ಅಂಚೆ ಇಲಾಖೆಯ ಪ್ರಕರಣವೊಂದರಲ್ಲಿ ಅದೇ ನ್ಯಾಯಾಲಯವು, ಕಡತ ಸುತ್ತಾಡಿತೆಂಬ ಕಾರಣವನ್ನು ಇನ್ನು ಒಪ್ಪಲಾಗದು, ಕಾಲಮಿತಿಯ ಕಾನೂನು ಸರ್ಕಾರಕ್ಕೂ ಅನ್ವಯಿಸುತ್ತದೆ ಎಂದಿತು. ನ್ಯಾಯಾಲಯದ ಬೇಸರ ನ್ಯಾಯವಾದದ್ದು. ಆದರೆ ಅದರ ದಂಡವನ್ನು ತೆರುವವನು ಕಡತವನ್ನು ತಡೆದಿಟ್ಟ ಗುಮಾಸ್ತನಲ್ಲ; ಗೋಮಾಳದಲ್ಲಿ ದನ ಮೇಯಿಸುತ್ತಿದ್ದ ಗ್ರಾಮದ ಜನ. 2023ರಲ್ಲಿ ಕರ್ನಾಟಕವು ಸರ್ಕಾರಿ ವ್ಯಾಜ್ಯಗಳ ನಿರ್ವಹಣೆಗೆಂದೇ ಒಂದು ಕಾಯಿದೆಯನ್ನು ಮಾಡಿ, ನಿರ್ಲಕ್ಷ್ಯ ತೋರಿದ ಅಧಿಕಾರಿಗಳನ್ನು ಹೊಣೆಗಾರರನ್ನಾಗಿಸಲು ಹೊರಟಿರುವುದು ಈ ದೃಷ್ಟಿಯಿಂದ ಸ್ವಾಗತಾರ್ಹ.

ಸೋಲಬಾರದ ದಾವೆಗಳಲ್ಲಿ ಸೋಲುವ ಸರ್ಕಾರವು, ಹೋರಾಡಬಾರದ ದಾವೆಗಳಲ್ಲಿ ಹೋರಾಡುತ್ತದೆ ಎಂಬುದು ಇದೇ ರೋಗದ ಇನ್ನೊಂದು ಲಕ್ಷಣ. ಅಣೆಕಟ್ಟಿಗೊ ಕಾಲುವೆಗೊ ಹೆದ್ದಾರಿಗೊ ಭೂಮಿ ಕಳೆದುಕೊಂಡ ರೈತನು ಹೆಚ್ಚಿನ ಪರಿಹಾರಕ್ಕಾಗಿ ನ್ಯಾಯಸ್ಥಾನಕ್ಕೆ ಹೋಗುತ್ತಾನೆ. ನೆರೆಯ ಸರ್ವೆ ನಂಬರಿನ ಭೂಮಿಗೆ ಎಕರೆಗೆ ಇಷ್ಟೆಂದು ಈ ಮೊದಲೇ ತೀರ್ಮಾನವಾಗಿ, ಆ ತೀರ್ಮಾನ ಅಂತಿಮವೂ ಆಗಿರುತ್ತದೆ. ಇವನಿಗೂ ಅಷ್ಟೇ ದೊರೆಯುತ್ತದೆಂಬುದು ಸರ್ಕಾರಿ ವಕೀಲರಿಗೆ ತಿಳಿದ ವಿಷಯ. ಆದರೂ ಇಲಾಖೆ ಒಪ್ಪುವುದಿಲ್ಲ. ಒಪ್ಪಿದರೆ ನಾಳೆ ಲೆಕ್ಕಪರಿಶೋಧಕರು ಕೇಳಿಯಾರೆಂಬ ಭೀತಿ. 2013ರ ಕೊನೆಯವರೆಗೆ ಜಾರಿಯಲ್ಲಿದ್ದ 1894ರ ಭೂಸ್ವಾಧೀನ ಕಾಯಿದೆಯ ಮೇರೆಗೆ ನಡೆದ ಸ್ವಾಧೀನಗಳಲ್ಲಿ ಹೆಚ್ಚುವರಿ ಪರಿಹಾರಕ್ಕೆ ಮೊದಲ ವರ್ಷ ನೂರಕ್ಕೆ 9ರಂತೆಯೂ ಆಮೇಲೆ ನೂರಕ್ಕೆ 15ರಂತೆಯೂ ಬಡ್ಡಿ ಬೆಳೆಯುತ್ತ ಹೋಗುತ್ತದೆ. ಡಿಕ್ರಿಯಾದ ಮೂರು ತಿಂಗಳ ತನಕ ಸರ್ಕಾರದ ಮೇಲೆ ಅಮಲ್ಜಾರಿ ಮಾಡುವಂತಿಲ್ಲವೆಂಬ ರಕ್ಷಣೆ ಶಾಸನದಲ್ಲಿದ್ದರೂ, ಆ ಮೂರು ತಿಂಗಳಲ್ಲಿ ಹಣ ಬಿಡುಗಡೆಯಾಗುವುದಿಲ್ಲ. ಕೊನೆಗೊಂದು ದಿನ ನ್ಯಾಯಸ್ಥಾನದ ಅಮೀನರು ವಾರಂಟು ಹಿಡಿದು ಉಪವಿಭಾಗಾಧಿಕಾರಿಗಳ ಕಚೇರಿಗೆ ಬಂದು ಕುರ್ಚಿ, ಮೇಜು, ಗಣಕಯಂತ್ರ, ಜೀಪುಗಳನ್ನು ಜಪ್ತಿ ಮಾಡಿಕೊಂಡು ಹೋಗುತ್ತಾರೆ. ಇಂಥ ಜಪ್ತಿಯ ಸುದ್ದಿಯನ್ನು ನಮ್ಮ ಜಿಲ್ಲೆಗಳ ಪತ್ರಿಕೆಗಳಲ್ಲಿ ಓದದವರು ವಿರಳ. ಅಂದು ತಲೆತಗ್ಗಿಸಿ ನ್ಯಾಯಾಧೀಶರ ಮುಂದೆ ಇನ್ನೊಂದು ವಾಯಿದೆ ಬೇಡಬೇಕಾದವರು, ವರ್ಷಗಳ ಹಿಂದೆಯೇ ‘ಇದರಲ್ಲಿ ಹುರುಳಿಲ್ಲ, ಒಪ್ಪಿಕೊಳ್ಳಿರಿ’ ಎಂದು ಬರೆದು ಕಳುಹಿಸಿದ್ದಿರಬಹುದಾದ ಸರ್ಕಾರಿ ವಕೀಲರೇ.

ಸರ್ಕಾರವು ಹೊಣೆಯರಿತ ಕಕ್ಷಿದಾರನಾಗಬೇಕೆಂಬ ಘೋಷಣೆ ಹೊಸದಲ್ಲ. ನಮ್ಮವರೇ ಆದ ವೀರಪ್ಪ ಮೊಯಿಲಿಯವರು ಕೇಂದ್ರದ ಕಾನೂನು ಮಂತ್ರಿಗಳಾಗಿದ್ದಾಗ, 2010ರಲ್ಲಿ, ರಾಷ್ಟ್ರೀಯ ವ್ಯಾಜ್ಯ ನೀತಿಯೊಂದು ಪ್ರಕಟವಾಯಿತು. ಸಿವಿಲ್ ಸಂಹಿತೆಯ 27ನೆಯ ಆದೇಶವು, ಸರ್ಕಾರ ಕಕ್ಷಿಯಾಗಿರುವ ದಾವೆಗಳಲ್ಲಿ ರಾಜಿಗೆ ನೆರವಾಗುವುದು ನ್ಯಾಯಸ್ಥಾನದ ಕರ್ತವ್ಯವೆಂದು ವಿಧಿಸಿದೆ. ನೀತಿಗೂ ನಿಯಮಕ್ಕೂ ಕೊರತೆಯಿಲ್ಲ. ‘ಒಪ್ಪಿಕೊಳ್ಳಿರಿ’ ಎಂದು ಬರೆದ ವಕೀಲರ ಅಭಿಪ್ರಾಯಕ್ಕೆ ಬೆಲೆ ಬರುವುದು, ಆ ವಕೀಲರು ಯಾರ ಮರ್ಜಿಯ ಮೇಲೂ ನಿಂತವರಲ್ಲವೆಂದು ಇಲಾಖೆಗೆ ಗೊತ್ತಿದ್ದಾಗ ಮಾತ್ರ.

ಆದಕಾರಣ ನೇಮಕದ ವಿಷಯಕ್ಕೆ ಬರುತ್ತೇನೆ. ಅಭಿಯೋಜಕರ ನೇಮಕಕ್ಕೆ ಏಳು ವರ್ಷದ ವೃತ್ತಿ, ಸೆಷನ್ಸ್ ನ್ಯಾಯಾಧೀಶರೊಡನೆ ಸಮಾಲೋಚನೆ, ಇಲ್ಲವೆ ನಿಯತವಾದ ಸೇವಾವರ್ಗ ಎಂಬ ಕಟ್ಟುಗಳು ಸಂಹಿತೆಯಲ್ಲಿಯೇ ಇವೆ. ಸಿವಿಲ್ ಭಾಗದ ವಕೀಲರಿಗೆ ಶಾಸನದ ಅಂಥ ಆಸರೆಯಿಲ್ಲ. ನಮ್ಮ ರಾಜ್ಯದಲ್ಲಿ ಕಾನೂನು ಅಧಿಕಾರಿಗಳ 1977ರ ನಿಯಮಗಳೇ ಗತಿ. ಸರ್ಕಾರ ಬದಲಾದೊಡನೆ ಇವರನ್ನು ಬದಲಾಯಿಸುವ ರೂಢಿ ದೇಶದ ಬಹುಭಾಗದಲ್ಲಿ ಬೆಳೆದುಬಂದಿದೆ. 1990ರಲ್ಲಿ ಉತ್ತರಪ್ರದೇಶದ ಸರ್ಕಾರವು ಎಲ್ಲ ಜಿಲ್ಲೆಗಳ ಸರ್ಕಾರಿ ವಕೀಲರನ್ನು ಒಂದೇ ಆದೇಶದಿಂದ ತೆಗೆದುಹಾಕಿದಾಗ, ಶ್ರೀಲೇಖಾ ವಿದ್ಯಾರ್ಥಿಯವರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆದೇಶವನ್ನು ರದ್ದುಪಡಿಸಿ, ಈ ಹುದ್ದೆಗೆ ಸಾರ್ವಜನಿಕ ಸ್ವರೂಪವಿದೆ, ಸ್ವೇಚ್ಛೆಗೆ ಇಲ್ಲಿ ಎಡೆಯಿಲ್ಲ ಎಂದಿತು. 2004ರ ಜೋಹ್ರಿ ಮಲ್ ತೀರ್ಪಿನಲ್ಲಿ ಅದೇ ನ್ಯಾಯಾಲಯವು, ತನ್ನ ವಕೀಲರನ್ನು ಆರಿಸಿಕೊಳ್ಳುವ ಸರ್ಕಾರದ ಸ್ವಾತಂತ್ರ್ಯಕ್ಕೆ ಹೆಚ್ಚಿನ ಮನ್ನಣೆಯಿತ್ತಿತು. 2016ರಲ್ಲಿ, ಪಂಜಾಬಿನ ಚಾಹಲ್ ಪ್ರಕರಣದಲ್ಲಿ, ಆಯ್ಕೆ ಪಾರದರ್ಶಕವಾಗಿರತಕ್ಕದ್ದು, ಯೋಗ್ಯತೆಯ ಪರಿಶೀಲನೆ ನಡೆಯತಕ್ಕದ್ದು ಎಂದು ಮತ್ತೆ ಮೊದಲಿನ ಕಡೆಗೆ ವಾಲಿತು. ಸರ್ಕಾರಕ್ಕೆ ತನಗೆ ವಿಶ್ವಾಸವಿರುವ ವಕೀಲರು ಬೇಕೆಂಬ ವಾದವನ್ನು ನಾನು ಹಗುರಾಗಿ ಕಾಣುವುದಿಲ್ಲ. ಅಡ್ವೊಕೇಟ್ ಜನರಲ್ ಅವರ ಹುದ್ದೆಗೆ, ಸಂವಿಧಾನದ 165ನೆಯ ವಿಧಿಯಲ್ಲಿ ಹೇಳಿರುವಂತೆ, ಅದು ಸಲ್ಲುತ್ತದೆ. ಆದರೆ ತಾಲ್ಲೂಕಿನ ಗೋಮಾಳವನ್ನು ಉಳಿಸುವುದಕ್ಕೆ ಯಾವ ಪಕ್ಷದ ವಿಶ್ವಾಸವೂ ಬೇಕಾಗಿಲ್ಲ, ಕಡತವನ್ನು ಓದುವ ಅಭ್ಯಾಸ ಬೇಕು.

ಸರ್ಕಾರಿ ವಕೀಲರ ಕಕ್ಷಿದಾರ ಯಾರೆಂಬ ಪ್ರಶ್ನೆಗೆ ಈ ತೀರ್ಪುಗಳೆಲ್ಲ ಸೇರಿ ಸೂಚಿಸುವ ಉತ್ತರ, ಅವರು ಕಾನೂನಿನ ವಕೀಲರು ಎಂಬುದು. ಕರ್ನಾಟಕದ ಕಾನೂನು ಇಲಾಖೆಗೆ ನನ್ನ ಪ್ರಾರ್ಥನೆ ಇಷ್ಟು: ಮುಂದಿನ ಸಲ ಜಿಲ್ಲಾ ಸರ್ಕಾರಿ ವಕೀಲರ ಅವಧಿ ಮುಗಿದಾಗ, ಬಹಿರಂಗವಾಗಿ ಅರ್ಜಿ ಕರೆದು, ಅಭ್ಯರ್ಥಿಗಳು ನಡೆಸಿದ ದಾವೆಗಳನ್ನು ತರಿಸಿ ನೋಡಿ, ಪ್ರಧಾನ ಜಿಲ್ಲಾ ನ್ಯಾಯಾಧೀಶರ ಅಭಿಪ್ರಾಯವನ್ನು ಲಿಖಿತವಾಗಿ ಪಡೆದು ನೇಮಕ ಮಾಡಲಿ, ಹಾಗೆ ನೇಮಕವಾದವರು ಒಂದು ದಾವೆಯನ್ನು ಒಪ್ಪಿಕೊಳ್ಳಬೇಕೆಂದೊ ಒಂದು ಮೇಲ್ಮನವಿ ಬೇಡವೆಂದೊ ಬರೆದಾಗ, ಅದನ್ನು ತಿರಸ್ಕರಿಸುವ ಅಧಿಕಾರಿ ತನ್ನ ಕಾರಣವನ್ನು ಅದೇ ಕಡತದಲ್ಲಿ, ತನ್ನ ಹೆಸರು ಹುದ್ದೆಗಳೊಡನೆ, ಬರೆದಿಡಲಿ.